ಫ್ಲಾರೆನ್ಸಿಗೆ ಅರ್ಧ ದಿನ ಸಾಕು

ನಮ್ಮ ಮಿಷಿಗನ್ ಕನ್ನಡಿಗರ ನಡುವೆ ನಿಂತು ಯಾವುದಾದರೂ ಊರಿನ ಹೆಸರು ಎತ್ತಿ ನೋಡಿ. ಅಲ್ಲಿ ಏನಿದೆ ಅಂತ ಒಬ್ಬರೂ ಕೇಳುವುದಿಲ್ಲ. ‘ಅಷ್ಟು ದಿನ ಯಾಕೆ? ಇಷ್ಟು ಸಾಕು’ ಅಂತ ನೇರವಾಗಿ ತೀರ್ಪೇ ಬರುತ್ತದೆ. ಮದುವೆ ಮನೆಯಲ್ಲಿ ನಾಲ್ಕನೇ ಹೋಳಿಗೆಗೂ ‘ಸಾಕು’ ಅನ್ನದ ಜನ, ಊರು ನೋಡುವ ವಿಷಯಕ್ಕೆ ಬಂದರೆ ಬಡಿಸುವ ಮೊದಲೇ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಇದು ನನಗೆ ಹೊಸದಲ್ಲ. ಆದರೆ ಹೋದ ವರ್ಷ ನಾನು ಬಾಯಿ ತಪ್ಪಿ, ಇಟಲಿಯ ಫ್ಲಾರೆನ್ಸಿನಲ್ಲಿ ಐದು ದಿನ ಇರಬೇಕು ಅಂದುಬಿಟ್ಟೆ. ಅಲ್ಲಿಂದ ಶುರುವಾಯಿತು.

ಐದು ದಿನದ ಆಸೆಗೆ ಕಾರಣ ಇತ್ತು. ಮೈಸೂರಿನಲ್ಲಿ ನಾನು ಬಿ.ಎ. ಓದುವಾಗ ನಮ್ಮ ಇತಿಹಾಸದ ಮೇಡಂ ಹತ್ತಿರ ಒಂದು ದಪ್ಪ ಚಿತ್ರಪುಸ್ತಕ ಇತ್ತು. ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ತಾವೇ ಎತ್ತಿ ಹಿಡಿದು, ಎಂಬತ್ತು ಹುಡುಗಿಯರ ಮುಂದೆ ಬೀಸಣಿಗೆಯ ಹಾಗೆ ಅತ್ತಿಂದಿತ್ತ ಒಮ್ಮೆ ತಿರುಗಿಸಿ ಮುಚ್ಚಿಬಿಡುತ್ತಿದ್ದರು. ಹಾಗೆ ತಿರುಗಿದ ಒಂದು ಪುಟದಲ್ಲಿ, ಬಂಡೆಯೊಳಗಿಂದ ಅರ್ಧ ಮಾತ್ರ ಹೊರಗೆ ಬಂದ ಮನುಷ್ಯರಿದ್ದರು. ಫ್ಲಾರೆನ್ಸಿನ ಶಿಲ್ಪಿಯೊಬ್ಬ ಅರ್ಧಕ್ಕೇ ಬಿಟ್ಟ ಕೆಲಸ. ಎದೆ ಬಂದಿದೆ, ತೊಡೆ ಬಂದಿದೆ, ತಲೆ ಇನ್ನೂ ಕಲ್ಲಿನೊಳಗೇ ಇದೆ. ಮೂರು ಸೆಕೆಂಡ್ ಕಂಡಿತು. ‘ಮೇಡಂ, ಇನ್ನೊಂದ್ಸಲ’ ಅಂದೆ. ‘ಪರೀಕ್ಷೆಗೆ ಬರಲ್ಲ, ಕೂತ್ಕೋ’ ಅಂದರು.

ಇಪ್ಪತ್ತೈದು ವರ್ಷ ಆಯಿತು. ನಾನು ಕೂತೇ ಇದ್ದೆ.

ಬಸ್ಸಿನೊಳಗಿನ ಪ್ರವಾಸಿ

ಮೊದಲು ಸಿಕ್ಕವರು ನಮ್ಮ ಬಡಾವಣೆಯ ಅಂಕಲ್. ರಿಟೈರ್ ಆದಮೇಲೆ ನಲವತ್ತು ದೇಶ ನೋಡಿದ್ದೇನೆ ಅಂತ ಹೇಳಿಕೊಳ್ಳುವವರು. ಮನೆಗೊಂದು ಅಡಿಗೆ ತಂದು ಹಂಚಿಕೊಂಡು ತಿನ್ನುವ ಗಣೇಶನ ಹಬ್ಬದ ಪಾಟ್‌ಲಕ್‌ನಲ್ಲಿ, ಪೇಪರ್ ಪ್ಲೇಟು ಬಾಗುವಷ್ಟು ಬಿಸಿಬೇಳೆಬಾತ್ ಹಾಕಿಕೊಂಡು ನನ್ನ ಪಕ್ಕ ಕೂತರು.

“ಫ್ಲಾರೆನ್ಸಾ? ಅರ್ಧ ದಿನ ಸಾಕಮ್ಮ. ಅದೂ ಜಾಸ್ತಿಯೇ.”

“ನೀವು ಏನೇನು ನೋಡಿದ್ರಿ ಅಂಕಲ್?”

“ಒಂದು ದೊಡ್ಡ ಚರ್ಚು. ಮೇಲೆ ಕೆಂಪು ಹೆಂಚಿನ ಗುಮ್ಮಟ. ಒಳಗೆ ಹೋಗೋಕೆ ಕ್ಯೂ ಇತ್ತು, ಹೊರಗಡೆಯಿಂದಲೇ ಮುಗಿಸಿದ್ವಿ.”

“ಆಮೇಲೆ?”

“ಆಮೇಲೆ ರೆಸ್ಟ್‌ರೂಮ್ ಹುಡುಕಿದ್ವಿ.”

“ಆಮೇಲೆ?”

“ಅದು ಸಿಗೋದ್ರೊಳಗೆ ಬಸ್ ಹೊರಡೋ ಟೈಮ್ ಆಯ್ತು.”

ಪುರಾವೆಗೆ ಫೋನ್ ತೆಗೆದು ಫೋಟೋ ತೋರಿಸಿದರು. ಹದಿನೆಂಟು ಫೋಟೋ. ಹದಿನೆಂಟರಲ್ಲೂ ಒಂದು ವಾಲಿದ ಗೋಪುರ.

“ಅಂಕಲ್, ಇದು ಪೀಸಾ ಅಲ್ವಾ? ಬೇರೆ ಊರು.”

“ಅದೂ ಅದೇ ದಿನ ಕವರ್ ಆಯ್ತು.”

ಅಷ್ಟರಲ್ಲಿ ಆಂಟಿ ಮೊಸರನ್ನದ ಪಾತ್ರೆ ಹಿಡಿದು ಬಂದರು. “ಇವರೆಲ್ಲಿ ಗುಮ್ಮಟ ನೋಡಿದ್ರು! ಮಂಡಿ ನೋವು ಅಂತ ಬಸ್ಸಿಂದ ಇಳೀಲೇ ಇಲ್ಲ. ಗುಮ್ಮಟ ನೋಡಿದ್ದು ನಾನು. ರೆಸ್ಟ್‌ರೂಮ್ ಹುಡುಕಿದ್ದೂ ನಾನೇ.”

ಅಂಕಲ್ ಒಂದು ತುತ್ತೂ ತಪ್ಪಿಸಲಿಲ್ಲ. “ಅದಕ್ಕೇ ಹೇಳಿದ್ದು. ಬಸ್ಸಿಂದ ಇಳಿಯೋ ಅವಶ್ಯಕತೆಯೇ ಇಲ್ಲದ ಊರಿಗೆ ಅರ್ಧ ದಿನ ಯಾಕೆ?”

ಬಾಜೂಕ ಐತಿ

ಅದೇ ತಿಂಗಳು ಶಿಕಾಗೋ ಕಡೆಯ ಪರಿಚಯದವರ ಮಗನ ರಿಸೆಪ್ಷನ್ನು. ಇಟಾಸ್ಕಾದ ಹೋಟೆಲ್ಲಿನಲ್ಲಿ. ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಮೂರು ಗಂಟೆ ಇದ್ದು, ವರನಿಗೆ ಒಂದು ಕವರ್ ಕೊಟ್ಟು ವಾಪಸ್ ಬರುವುದಕ್ಕೆ ಹತ್ತು ಗಂಟೆಯ ದಾರಿ ಯಾರಿಗೂ ಜಾಸ್ತಿ ಅನ್ನಿಸಲಿಲ್ಲ, ಗಮನಿಸಿ.

ನಮ್ಮ ಟೇಬಲ್ಲಿನಲ್ಲಿ ಗದಗಿನ ಡಾಕ್ಟರ್ ಒಬ್ಬರಿದ್ದರು. ಹೃದಯದ ಡಾಕ್ಟರ್. ನನ್ನ ಐದು ದಿನದ ಸುದ್ದಿ ಕೇಳಿ ಕೈಯಲ್ಲಿದ್ದ ಪನೀರಿನ ತುಂಡು ಕೆಳಗಿಟ್ಟರು.

“ಏನ್ರೀ, ಐದ್ ದಿನಾ? ಕಲ್ಲಿನ ಗೊಂಬಿ ನೋಡಾಕ? ನಿಮಗ ರಜಾ ಭಾಳ ಆಗ್ಯಾವೇನು?”

“ಚಿತ್ರಗಳೂ ಇವೆ ಡಾಕ್ಟ್ರೇ.”

“ಇರಲಿ ಬಿಡ್ರಿ. ನಮ್ಮ ಕಡೀಗೆ ಬರ್ರಿ. ಬಾದಾಮಿ, ಐಹೊಳಿ, ಪಟ್ಟದಕಲ್ಲು, ಮೂರೂ ಒಂದ ದಿನದಾಗ ಮುಗಸ್ತಾರ. ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹೊಂಟ್ರ ಸಂಜೀ ಚಹಾಕ್ಕ ಮನೀಗೆ. ಆ ಗುಡಿ ಮುಂದ ನಿಮ್ಮ ಇಟಲಿ ಏನು ಹಚ್ಚೀರಿ!”

ಆ ಮಾತಿನ ಕಸುವಿಗೆ ನನಗೇ ನಾಚಿಕೆ ಆಯಿತು. ನಮ್ಮ ಊರಿನ ಕಲ್ಲು ಬಿಟ್ಟು ಪರದೇಶದ ಕಲ್ಲಿಗೆ ಹಾತೊರೆಯುತ್ತೇನಲ್ಲ ಅಂತ.

“ಬಾದಾಮಿಯಲ್ಲಿ ನಿಮಗೆ ಯಾವ ಗುಹೆ ಇಷ್ಟ ಆಯ್ತು ಡಾಕ್ಟ್ರೇ?”

ಅವರು ಪನೀರನ್ನು ಮತ್ತೆ ಎತ್ತಿಕೊಂಡರು. “ನಾ ಹೋಗಿಲ್ರೀ. ಬಾಜೂಕ ಐತೆಲ್ಲ, ಯಾವಾಗರ ಹೋದ್ರಾತು ಅಂತ ಬಿಟ್ಟೇವಿ.”

ಎಂಟು ಸೆಕೆಂಡ್

ಪರರ ಮಾತು ಬಿಡಿ. ನನ್ನ ಗಂಡ ವಾರೆನ್‌ನ ಕಾರ್ ಕಂಪನಿಯಲ್ಲಿ ಬ್ರೇಕ್ ಟೆಸ್ಟ್ ಮಾಡುವ ಎಂಜಿನಿಯರ್. ಯಾವುದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದೇ ಅವನ ಜೀವನ. ನಾನು ಎಷ್ಟು ದಿನ ನಿಲ್ಲಬೇಕು ಎಂಬುದನ್ನೂ ಅವನೇ ಲೆಕ್ಕ ಹಾಕಿ ಲ್ಯಾಪ್‌ಟಾಪ್ ಹಿಡಿದು ಬಂದ.

“ನೋಡು ಕಣೇ, ಎಮೋಷನ್ ಬೇಡ, ಡೇಟಾ ನೋಡು. ಊರಲ್ಲಿ ಮುಖ್ಯವಾದ್ದು ಒಂದು ಸಾವಿರ ಐಟಂ ಅಂತ ಇಟ್ಕೋ. ಒಂದಕ್ಕೆ ಎಂಟು ಸೆಕೆಂಡ್. ಒಟ್ಟು ಎರಡು ಗಂಟೆ ಹದಿಮೂರು ನಿಮಿಷ. ನಡೆದಾಡೋಕೆ ಒಂದು ಗಂಟೆ ಸೇರಿಸಿದೀನಿ. ಊಟ ಬಿಟ್ಟು.”

“ಎಂಟು ಸೆಕೆಂಡ್ ಎಲ್ಲಿಂದ ಬಂತು?”

“ಊಹೆ. ಅದಕ್ಕೇ ಟ್ರಯಲ್ ಮಾಡೋಣ.”

ಟ್ರಯಲ್ಲಿಗೆ ಡೆಟ್ರಾಯಿಟ್‌ನ ದೊಡ್ಡ ಮ್ಯೂಸಿಯಂ. ಹದಿನಾರು ವರ್ಷದ ಮಗಳ ಕೈಗೆ ಫೋನಿನ ಸ್ಟಾಪ್‌ವಾಚು. ಅವಳು ಪ್ರತಿ ಚಿತ್ರದ ಮುಂದೆಯೂ “ಟೈಮ್ಸ್ ಅಪ್, ಅಪ್ಪಾ” ಅನ್ನುತ್ತಾಳೆ, ಇವನು ಕವಾಯತು ಮಾಡುವವನ ಹಾಗೆ ಮುಂದಿನ ಚಿತ್ರಕ್ಕೆ ತಿರುಗುತ್ತಾನೆ. ನಾನು ಹತ್ತು ಅಡಿ ಹಿಂದೆ, ಇವರು ಯಾರೋ ನನಗೆ ಗೊತ್ತಿಲ್ಲ ಎಂಬ ಮುಖ ಮಾಡಿಕೊಂಡು. ಎರಡು ಅಂತಸ್ತು ನಲವತ್ತು ನಿಮಿಷದಲ್ಲಿ ಮುಗಿಯಿತು.

ಕೊನೆಗೆ ಒಂದು ಅಂಗಳ. ಅದರ ಗೋಡೆಗಳ ತುಂಬ ಕಾರ್ ಫ್ಯಾಕ್ಟರಿಯ ಚಿತ್ರ: ಯಂತ್ರ, ಬೆಲ್ಟು, ಬಗ್ಗಿ ದುಡಿಯುವ ಜನ. ಗಂಡ ನಿಂತ. ಮಗಳು “ಟೈಮ್ಸ್ ಅಪ್” ಅಂದಳು. ಕೇಳಲಿಲ್ಲ. ಹತ್ತಿರ ಹೋದ, ದೂರ ಬಂದ, ಕುತ್ತಿಗೆ ಓರೆ ಮಾಡಿದ. ನನ್ನ ಎದೆ ತುಂಬಿ ಬಂತು. ಹದಿನೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ ಈ ಮನುಷ್ಯನನ್ನು ಒಂದು ಚಿತ್ರ ಹಿಡಿದು ನಿಲ್ಲಿಸಿದೆ. ನಲವತ್ತು ನಿಮಿಷ ಆದಮೇಲೆ ಮೆಲ್ಲಗೆ ಪಕ್ಕ ಹೋಗಿ ನಿಂತೆ.

“ಏನು ಕಾಣ್ತಿದೆ ನಿಂಗೆ?”

“ಈ ಪ್ರೆಸ್ ಮೆಷಿನ್ ಇಲ್ಲಿ ನಿಂತ್ರೆ ಫೋರ್ಕ್‌ಲಿಫ್ಟ್ ಎಲ್ಲಿಂದ ಓಡಾಡುತ್ತೆ? ಲೇಔಟೇ ಸರಿಯಿಲ್ಲ.”

ಮನೆಗೆ ಬಂದು ಹೊಸ ಕೋಷ್ಟಕ ತೋರಿಸಿದ. ಸಾಮಾನ್ಯ ಚಿತ್ರ, ಎಂಟು ಸೆಕೆಂಡ್. ಕಾರಿನ ಚಿತ್ರ, ನಲವತ್ತು ನಿಮಿಷ. ಫ್ಲಾರೆನ್ಸಿನಲ್ಲಿ ಕಾರಿನ ಚಿತ್ರ, ಸೊನ್ನೆ. ಆದ್ದರಿಂದ ಅರ್ಧ ದಿನ ಸಾಕು.

ಮುಗಿಯದ ಪ್ರಾಜೆಕ್ಟು

ನಾವು ಮೂವರೇ ಹೋಗುವ ಜನವಲ್ಲವಲ್ಲ. ಜೊತೆಗೆ ಇನ್ನೊಂದು ಜೋಡಿ. ಆತ ಆಬರ್ನ್ ಹಿಲ್ಸ್‌ನ ಆಫೀಸಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಹಾಗಾಗಿ ನಮ್ಮ ಪ್ರವಾಸಕ್ಕೂ ತಾನೇ ಲೀಡರ್ ಅಂತ ನೇಮಿಸಿಕೊಂಡಿದ್ದ. ಆತನ ಹೆಂಡತಿ ಅಡಿಗೆ ಸಾಮಾನಿನ ಮಂತ್ರಿ. ಹನ್ನೊಂದು ದಿನ, ಏಳು ಊರು. ಲೀಡರ್ ಊರುಗಳನ್ನು ನೋಡುವುದಿಲ್ಲ, ಕವರ್ ಮಾಡುತ್ತಾನೆ.

ನಮ್ಮ ಮನೆಯ ಟಿ.ವಿ.ಗೆ ಲ್ಯಾಪ್‌ಟಾಪ್ ಜೋಡಿಸಿ ಪ್ಲಾನ್ ತೋರಿಸಿದ. ಫ್ಲಾರೆನ್ಸು, ರೋಮಿಗೂ ವೆನಿಸ್ಸಿಗೂ ನಡುವೆ ಒಂದು ಸಣ್ಣ ಹಳದಿ ಚೌಕ. ‘ಲಂಚ್ ಸ್ಟಾಪ್’ ಅಂತ ಬರೆದಿತ್ತು.

“ಐದು ದಿನ ಬೇಕು” ಅಂದೆ.

“ಐದು ದಿನಕ್ಕೆ ನಾಲ್ಕು ಊರು ಕವರ್ ಆಗುತ್ತೆ ಮೇಡಂ. ಅಲ್ಲಿ ಅಂಥದ್ದೇನಿದೆ, ತೋರಿಸಿ.”

ನಾನು ನನ್ನ ಅರ್ಧ ಮನುಷ್ಯರ ಫೋಟೋ ತೋರಿಸಿದೆ. ಮೇಡಂ, ಪುಸ್ತಕ, ಮೂರು ಸೆಕೆಂಡ್, ಎಲ್ಲ ಹೇಳಿದೆ. ಲೀಡರ್ ಕನ್ನಡಕ ಮೇಲೆ ಮಾಡಿ ನೋಡಿದ.

“ಇದು ಕಂಪ್ಲೀಟೇ ಆಗಿಲ್ವಲ್ಲ! ತಲೆನೇ ಇಲ್ಲ. ಐನೂರು ವರ್ಷ ಆದ್ರೂ ಡೆಲಿವರಿ ಆಗದ ಪ್ರಾಜೆಕ್ಟ್ ನೋಡೋಕೆ ಐದು ದಿನವಾ? ನಮ್ಮ ಆಫೀಸಲ್ಲೇ ಇಂಥವು ಬೇಕಾದಷ್ಟಿವೆ, ಸೋಮವಾರ ಬನ್ನಿ, ತೋರಿಸ್ತೀನಿ.”

ಗಂಡ ನಕ್ಕ. ಆ ನಗುವನ್ನು ಬೇರೆ ಕಡೆ ಬರೆದಿಟ್ಟುಕೊಂಡಿದ್ದೇನೆ.

ಇನ್ನು ಕಲೆಯ ಮಾತು ಆಡಿ ಫಲವಿಲ್ಲ ಅಂತ ಗೊತ್ತಾಯಿತು. ಆಗ ಮಂತ್ರಿಣಿಯ ಕಡೆ ತಿರುಗಿ ತಣ್ಣಗೆ ಕೇಳಿದೆ: “ಅಲ್ಲ ಕಣ್ರೀ, ಹನ್ನೊಂದು ದಿನವೂ ಹೋಟೆಲ್ಲೇ ಅಲ್ವಾ? ಕಿಚನ್ ಎಲ್ಲೂ ಇಲ್ಲ. ಅನ್ನ ಸಾರು ಹೇಗೆ?”

ಅವರ ಮುಖ ಬಿಳಿಚಿತು. “ರೀ, ಹನ್ನೊಂದು ದಿನ ಬ್ರೆಡ್ಡಾ?”

“ಫ್ಲಾರೆನ್ಸಿನಲ್ಲಿ ಮಾತ್ರ ಕಿಚನ್ ಇರೋ ಅಪಾರ್ಟ್‌ಮೆಂಟ್ ಸಿಗ್ತಿದೆ” ಅಂದೆ. ಬೇರೆ ಕಡೆ ನಾನು ಹುಡುಕಿರಲಿಲ್ಲ.

ಐದು ನಿಮಿಷದಲ್ಲಿ ಹಳದಿ ಚೌಕ ಒಂದು ರಾತ್ರಿಯಷ್ಟು ಅಗಲವಾಯಿತು. ಶಿಲ್ಪಿಗಳು, ಚಿತ್ರಕಾರರು, ಐನೂರು ವರ್ಷದ ಕೀರ್ತಿ, ಯಾವುದಕ್ಕೂ ಕರಗದವರು ಒಂದು ರೈಸ್ ಕುಕ್ಕರಿಗೆ ಕರಗಿದರು.

ಅಕ್ಕಿ ಚೀಲ

ಗುರುವಾರ ಮಧ್ಯಾಹ್ನ ಮೂರಕ್ಕೆ ಫ್ಲಾರೆನ್ಸು ಮುಟ್ಟಿದೆವು. ಮರುದಿನ ಬೆಳಿಗ್ಗೆ ಹತ್ತಕ್ಕೆ ವೆನಿಸ್ ರೈಲು. ನಾನು ಸೂಟ್‌ಕೇಸು ಇಟ್ಟವಳೇ ಚಪ್ಪಲಿ ಮೆಟ್ಟಿದೆ. ಮಂತ್ರಿಣಿ ಅಡ್ಡ ನಿಂತರು. “ಮೊದಲು ಅಡಿಗೆ ಮುಗಿಸೋಣ ಕಣ್ರೀ. ಐದು ದಿನದಿಂದ ಅನ್ನ ಕಂಡಿಲ್ಲ.” ಅನ್ನ, ಸಾರು, ಹಪ್ಪಳ. ತಿಂದು ಎಲ್ಲರೂ ಕೂತಲ್ಲೇ ತೂಕಡಿಸಿ ಏಳುವಾಗ ಮ್ಯೂಸಿಯಂ ಮುಚ್ಚಿತ್ತು.

ಊಟದ ಹೊತ್ತಿಗೇ ಮಂತ್ರಿಣಿ ಎಲ್ಲರ ಪಾಸ್‌ಪೋರ್ಟು ಕೇಳಿ ತೆಗೆದುಕೊಂಡಿದ್ದರು. ಇಟಲಿಯ ಜೇಬುಗಳ್ಳರ ವಿಡಿಯೋ ನೋಡಿ ನೋಡಿ ಅವರಿಗೆ ನಿದ್ದೆ ಹೋಗಿತ್ತು. “ಐದೂ ನನಗೆ ಕೊಡಿ, ಭದ್ರವಾಗಿ ಇಡ್ತೀನಿ” ಅಂದರು. ಕೊಟ್ಟೆವು.

ಶುಕ್ರವಾರ ಬೆಳಿಗ್ಗೆ ಮಂತ್ರಿಣಿ ಸ್ನಾನಕ್ಕೆ ಹೋಗಿದ್ದಾಗ ಲೀಡರ್ ಹಾಲಿನ ಮಧ್ಯ ನಿಂತು ಅಪ್ಪಣೆ ಕೊಡಿಸಿದ. “ಲಗೇಜ್ ಕಡಿಮೆ ಮಾಡಿ! ಮುಂದೆ ಎಲ್ಲೂ ಕಿಚನ್ ಇಲ್ಲ. ಅಕ್ಕಿ ಯಾಕೆ ಹೊರೋದು? ಬಿಸಾಕಿ!”

ಅಕ್ಕಿ ಬಿಸಾಡುವುದುಂಟೇ? ನನ್ನ ಕಲೆಗೆ ದೇವರಿಲ್ಲದಿದ್ದರೂ ಅಕ್ಕಿಗೆ ಅನ್ನಪೂರ್ಣೆ ಇದ್ದಾಳೆ. ಬಟ್ಟೆಚೀಲದಲ್ಲಿ ಐದಾರು ಪೌಂಡ್ ಸೋನಾ ಮಸೂರಿ ಉಳಿದಿತ್ತು. ಕೆಳಗಿನ ಮನೆಯಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಕಾರಿನ ಬೀಗದ ಕೈ ಹಿಡಿದು ಎಲ್ಲಿಗೋ ಹೊರಟಿದ್ದಳು. ಚೀಲ ಕೊಟ್ಟೆ. ಅವಳು ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಕಾರು ಹೋಯಿತು. ಶಿಲ್ಪ ನೋಡದೆ ಹೊರಟ ಬೇಸರದಲ್ಲೂ ಇದೊಂದು ಪುಣ್ಯದ ಕೆಲಸ ಆಯಿತಲ್ಲ ಅಂದುಕೊಂಡೆ.

ಸ್ಟೇಷನ್ನಿನಲ್ಲಿ ಲೀಡರ್ ಪಟ್ಟಿ ಓದಿದ. “ಟಿಕೆಟ್?” “ಇದೆ.” “ಚಾರ್ಜರ್?” “ಇದೆ.” “ಪಾಸ್‌ಪೋರ್ಟ್?”

“ಭದ್ರವಾಗಿದೆ” ಅಂದರು ಮಂತ್ರಿಣಿ. “ಅಕ್ಕಿ ಚೀಲದೊಳಗೆ.”

ನನ್ನ ಕೈ ಅಜ್ಜಿ ಮುತ್ತು ಕೊಟ್ಟ ಕೆನ್ನೆಗೆ ಹೋಯಿತು.

“ನಮ್ಮತ್ತೆ ಬಳೆ ಸರ ಎಲ್ಲ ಅಕ್ಕಿ ಡಬ್ಬದಲ್ಲೇ ಇಡೋದು. ಮೂವತ್ತು ವರ್ಷದಿಂದ ಒಂದು ಗುಂಡುಪಿನ್ನೂ ಕಳೆದಿಲ್ಲ” ಅಂತ ಹೆಮ್ಮೆಯಿಂದ ಮುಂದುವರಿಸಿ, ಆಮೇಲೆ ನಮ್ಮ ಮುಖ ನೋಡಿದರು. “ಯಾಕೆ? ಅಕ್ಕಿ ಎಲ್ಲಿ?”

ಎಲ್ಲರೂ ನನ್ನನ್ನು ನೋಡಿದರು. ನಾನು ಲೀಡರನ್ನು ನೋಡಿದೆ. ವೆನಿಸ್ ರೈಲು ಹೊರಟಿತು.

ಅಪಾರ್ಟ್‌ಮೆಂಟ್ ಏಜೆನ್ಸಿಯವರು ಫೋನಿನಲ್ಲಿ ಹೇಳಿದ್ದಿಷ್ಟು: ಅಜ್ಜಿ ಬೆಟ್ಟದ ಮೇಲಿನ ಮಗಳ ಮನೆಗೆ ಹೋಗಿದ್ದಾಳೆ, ಅಲ್ಲಿ ಸಿಗ್ನಲ್ ಇಲ್ಲ, ಬರುವುದು ಸೋಮವಾರ ಸಂಜೆ. ನೀವು ಬಿಟ್ಟ ಮನೆ ಖಾಲಿ ಇದೆ, ಬೇಕಾದರೆ ಅಲ್ಲಿಯವರೆಗೆ ಇರಿ. ಲೀಡರ್ ಪಾಸ್‌ಪೋರ್ಟಿನ ಸಹಾಯವಾಣಿಗೂ ಫೋನ್ ಮಾಡಿದ. “ಕಳೆದುಹೋಗಿದೆಯಾ?” “ಇಲ್ಲ, ಎಲ್ಲಿದೆ ಅಂತ ಗೊತ್ತು.” “ಎಲ್ಲಿದೆ?” “ಅಕ್ಕಿಯಲ್ಲಿ.” ಆ ಕಡೆಯವರು ಹಾಗಾದರೆ ಕಾಯಿರಿ ಅಂದರು.

ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ. ನಾನು ಬೆರಳು ಮಡಚಿ ಎಣಿಸಿದೆ. ಐದು.

ನನಗೆ ಗೊತ್ತಿತ್ತೇ ಅಂತ ಗಂಡ ಇವತ್ತಿಗೂ ಕೇಳುತ್ತಾನೆ. ದೇವರಾಣೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಜ್ಜಿಗೆ ಜೊತೆಯಲ್ಲಿ ತುಪ್ಪದ ಬಾಟಲಿಯನ್ನೂ ಕೊಟ್ಟುಬಿಡುತ್ತಿದ್ದೆ.

ಶುಕ್ರವಾರ ಮಧ್ಯಾಹ್ನವೇ ಹೋಗಿ ನನ್ನ ಅರ್ಧ ಮನುಷ್ಯರ ಮುಂದೆ ನಿಂತೆ. ಪುಸ್ತಕದಲ್ಲಿ ಬೆರಳುದ್ದ ಇದ್ದವರು ನನಗಿಂತ ಎತ್ತರ ಇದ್ದರು. ಕಲ್ಲಿನ ಮೇಲೆ ಉಳಿಯ ಗೆರೆಗಳು ಇವತ್ತು ಬೆಳಿಗ್ಗೆ ಬಿದ್ದವೇನೋ ಅನ್ನುವ ಹಾಗಿದ್ದವು. ಪರೀಕ್ಷೆಗೆ ಬರುವುದಿಲ್ಲ, ನಿಂತೇ ನೋಡಿದೆ. ಮುಚ್ಚುವ ಗಂಟೆ ಬಾರಿಸುವವರೆಗೂ ನಿಂತೆ.

ಶನಿವಾರ ಗಂಡ ಆ ಕೆಂಪು ಗುಮ್ಮಟದ ಕೆಳಗೆ ತಲೆ ಎತ್ತಿ ನಿಂತವನು ಮೂರು ಗಂಟೆ ಕದಲಲಿಲ್ಲ. ಕೆಳಗಿನಿಂದ ಮರದ ಆಸರೆ ಕೊಡದೆ ಇದನ್ನು ಹೇಗಪ್ಪಾ ಕಟ್ಟಿದರು ಅಂತ ಎರಡು ದಿನ ಊಟದಲ್ಲೂ ಅದೇ ಮಾತು. ಎಂಟು ಸೆಕೆಂಡಿನ ಕೋಷ್ಟಕ ಎಲ್ಲಿ ಅಂದೆ. ಡಿಲೀಟ್ ಆಗಿದೆಯಂತೆ.

ಲೀಡರ್ ಮೊದಲ ದಿನ ಮಂಚದ ಮೇಲೆ ಕೂತು ಕೈತಪ್ಪಿದ ಊರುಗಳ ಬುಕಿಂಗ್ ರದ್ದು ಮಾಡಿದ. ಎರಡನೇ ದಿನ ಹೆಂಡತಿಯ ಜೊತೆ ಜಗಳ ಮುಗಿದು, ಮಾಡಲು ಬೇರೇನೂ ಇಲ್ಲದೆ ನನ್ನ ಹಿಂದೆ ಬಂದ. ಮೂರನೇ ದಿನ ತಾನೇ ಹೋದ. ನಾನು ಹೋದಾಗ, ತಲೆ ಇಲ್ಲದ ಆ ಕಲ್ಲಿನ ಮನುಷ್ಯನ ಎದುರಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದ.

“ಪಾಪ ಮೇಡಂ” ಅಂದ. “ಇವನ ಮೇಲೆ ಎಂಥ ಮ್ಯಾನೇಜರ್ ಕೂತಿದ್ದನೋ.”

ಸೋಮವಾರ ಸಂಜೆ ಅಜ್ಜಿಯ ಕಾರು ಬಂತು. ಐದು ಜನರೂ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದೆವು, ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತ ಹಾಗೆ. ಅವಳು ಒಂದು ಕೈಯಲ್ಲಿ ತೆಳ್ಳಗಾದ ಚೀಲ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಐದು ನೀಲಿ ಪಾಸ್‌ಪೋರ್ಟು ಹಿಡಿದು ಇಳಿದಳು. ಮುಖ ಗಂಭೀರವಾಗಿತ್ತು. ಫೋನಿನ ಅನುವಾದಕ್ಕೆ ಏನೋ ಹೇಳಿ ನನ್ನ ಮಗಳ ಕಡೆ ಹಿಡಿದಳು. ಮಗಳು ಓದಿ, ನಗು ತಡೆಯಲಾರದೆ ಗೋಡೆಗೆ ಒರಗಿದಳು.

“ವಾಟ್? ಏನಂತೆ?” ಅಂದ ಲೀಡರ್.

“ಅಕ್ಕಿ ತುಂಬಾ ಚೆನ್ನಾಗಿತ್ತಂತೆ ಅಂಕಲ್. ಇವನ್ನ ಎಷ್ಟು ಹೊತ್ತು ಬೇಯಿಸ್ಬೇಕು ಅಂತ ಕೇಳ್ತಿದಾರೆ.” ಅಮೆರಿಕದಲ್ಲಿ ಹುಟ್ಟಿದ ನನ್ನ ಮಗಳು ಇಡೀ ಪ್ರವಾಸದಲ್ಲಿ ಪೂರ್ತಿ ಕನ್ನಡದಲ್ಲಿ ಆಡಿದ ಮಾತು ಅದೊಂದೇ.

ಈಗ ಯುಗಾದಿಯ ಪಾಟ್‌ಲಕ್‌ನಲ್ಲಿ ಏನಾಯಿತು ಅಂತ ಕೇಳಿ. ಹೊಸದಾಗಿ ಮದುವೆಯಾದ ಹುಡುಗ ಹುಡುಗಿ ಇಟಲಿಗೆ ಹೊರಟಿದ್ದರು. ಫ್ಲಾರೆನ್ಸಿಗೆ ಅರ್ಧ ದಿನ ಸಾಕಾ ಅಂತ ಕೇಳಿದರು. ಬಸ್ಸಿನ ಅಂಕಲ್ ಬಾಯಿ ತೆಗೆಯುವಷ್ಟರಲ್ಲಿ ನಮ್ಮ ಲೀಡರ್ ಪ್ಲೇಟು ಕೆಳಗಿಟ್ಟು ಎದ್ದ.

“ಅರ್ಧ ದಿನವಾ? ಏನ್ರೀ ತಮಾಷೆನಾ? ಐದು ದಿನ ಮಿನಿಮಮ್! ಕಲೆಯ ಗಂಧಗಾಳಿ ಇಲ್ಲದವರು ಮಾತ್ರ ಅರ್ಧ ದಿನ ಅನ್ನೋದು. ನಾವು ಪ್ಲಾನ್ ಮಾಡಿಯೇ ಐದು ದಿನ ಇದ್ವಿ.”

ನಾನು ಬೇವು ಬೆಲ್ಲ ಅಗಿದೆ. ಬೇವೇ ಜಾಸ್ತಿ ಇತ್ತು.

ಮಂತ್ರಿಣಿ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು, ಅನುಭವದ ಮಾತು ಅನ್ನುವ ಹಾಗೆ ದನಿ ತಗ್ಗಿಸಿ ಹೇಳಿದರು:

“ಪಾಸ್‌ಪೋರ್ಟ್ ಮಾತ್ರ ಅಕ್ಕಿಯಲ್ಲಿ ಇಡಬೇಡಮ್ಮ, ಯಾರಿಗಾದ್ರೂ ಕೊಟ್ಟುಬಿಡ್ತಾರೆ. ಉಪ್ಪಿಟ್ಟಿನ ರವೆಯಲ್ಲಿ ಇಡು. ಪುಕ್ಕಟೆ ಕೊಟ್ರೂ ಯಾವ ದೇಶದವರೂ ತೊಗೊಂಡು ಹೋಗಲ್ಲ.”